ಸಿಸ್ಟಿನ್ ಖಾಲಿಯಾದರೂ ನಾಳಿಕೆ ಸೋರುವುದೇಕೆ?

ಟಿಪ್ಪಣಿಕಾರ

ಪದವಿ ವಿದ್ಯಾರ್ಥಿಗಳಿಗಾಗಿ ಕೋಶವಿಜ್ಞಾನವನ್ನು ಕನ್ನಡದಲ್ಲಿ ಬರೆಯುತ್ತಿರುವ ನಾನು ಸಿಸ್ಟಿನೋಸಿಸ್ ಎಂಬ ಆನುವಂಶಿಕ ರೋಗದ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ನನ್ನ ತಿಳಿವಳಿಕೆ ಹೀಗಿದೆ. ಕೋಶದ ಜೀರ್ಣಚೀಲವಾದ ಲೈಸೊಸೋಮಿನೊಳಗೆ ಪ್ರೋಟೀನುಗಳು ಒಡೆದಾಗ ಉಳಿಯುವ ಸಿಸ್ಟಿನ್ ಅಣುವನ್ನು ಹೊರಕ್ಕೆ ಸಾಗಿಸಲು ಅದರ ಪೊರೆಯಲ್ಲಿ ಸಿಸ್ಟಿನೋಸಿನ್ ಎಂಬ ಸಾಗಣೆ ಪ್ರೋಟೀನ್ ಇದೆ. ಅದನ್ನು ರೂಪಿಸುವ ಸಿಟಿಎನ್‌ಎಸ್ ಜೀನನ್ನು 1998ರಲ್ಲಿ ಗುರುತಿಸಲಾಯಿತು. ಈ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ ಸಿಸ್ಟಿನ್ ಒಳಗೇ ತುಂಬಿ ಹರಳುಗಟ್ಟುತ್ತದೆ. ಸಿಸ್ಟಿಯಮೈನ್ ಎಂಬ ಔಷಧವು ಲೈಸೊಸೋಮನ್ನು ಹೊಕ್ಕು, ಸಿಸ್ಟಿನ್ ಅಣುವನ್ನು ಮುರಿದು, ಅದರ ಅರ್ಧಭಾಗಕ್ಕೆ ತಾನೇ ಅಂಟಿಕೊಳ್ಳುತ್ತದೆ. ಹೀಗೆ ಹುಟ್ಟಿದ ಜೋಡಿ ಅಣು ಲೈಸಿನ್ ಅನ್ನು ಹೋಲುವುದರಿಂದ, ಲೈಸಿನ್ ಮುಂತಾದ ಅಮೈನೊ ಆಮ್ಲಗಳ ಸಾಗಣೆಗೆ ಇರುವ ಪಿಕ್ಯುಎಲ್‌ಸಿ2 ಎಂಬ ಮತ್ತೊಂದು ಬಾಗಿಲಿನಿಂದ ಹೊರಬೀಳುತ್ತದೆ. ಅಮೆರಿಕದಲ್ಲಿ 1994ರಲ್ಲಿ ಅನುಮತಿ ಪಡೆದ ಈ ಔಷಧವು ಮೂತ್ರಪಿಂಡ ವೈಫಲ್ಯವನ್ನು ವರ್ಷಗಟ್ಟಲೆ ಮುಂದೂಡಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ತೊಡಕು ಇಲ್ಲಿಂದ ಮುಂದೆ. ಈ ಮಕ್ಕಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಫ್ಯಾಂಕೋನಿ ಸಿಂಡ್ರೋಮ್, ಅಂದರೆ ಗ್ಲೂಕೋಸ್, ಅಮೈನೊ ಆಮ್ಲಗಳು, ಫಾಸ್ಫೇಟ್, ಬೈಕಾರ್ಬೊನೇಟ್, ಸಣ್ಣ ಪ್ರೋಟೀನುಗಳು ಎಲ್ಲವೂ ಮೂತ್ರದಲ್ಲಿ ಸೋರಿಹೋಗುವ ಸ್ಥಿತಿ. ಔಷಧ ಕೊಟ್ಟಾಗ ಸಿಸ್ಟಿನ್ ಇಳಿಯುತ್ತದೆಯಾದರೂ ಈ ಸೋರಿಕೆ ನಿಲ್ಲುವುದಿಲ್ಲ. ಪ್ರೋಟೀನಿನ ಕೆಲಸವನ್ನು ಔಷಧವೇ ಮಾಡುತ್ತಿದ್ದರೆ, ಸೋಸಿದ ದ್ರವದಿಂದ ಬೇಕಾದುದನ್ನು ಮರಳಿ ಹೀರುವ ಮೂತ್ರಪಿಂಡದ ನಾಳಿಕೆಯೇಕೆ ಚೇತರಿಸಿಕೊಳ್ಳುವುದಿಲ್ಲ? ಚಿಕಿತ್ಸೆಯ ಸಲಹೆ ನನಗೆ ಬೇಕಿಲ್ಲ. ಕೋಶದೊಳಗೆ ಏನು ನಡೆಯುತ್ತಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಕೋಶಪ್ರಿಯ

ತಮ್ಮ ಪ್ರಶ್ನೆಯಲ್ಲಿರುವ "ಪ್ರೋಟೀನಿನ ಕೆಲಸ" ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ಸಮೀಪಸ್ಥ ನಾಳಿಕೆಯ, ಅಂದರೆ ನಾಳಿಕೆಯ ಮೊದಲ ಭಾಗದ, ಕೋಶಗಳನ್ನು ಬೆಳೆಸಿ ನೋಡುವುದೇ ನನ್ನ ದಿನನಿತ್ಯದ ಕೆಲಸವಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಬೇಕು.

ವಯಸ್ಕರ ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಮೂತ್ರವಾಗಿ ಹೊರಹೋಗುವುದು ಒಂದೂವರೆಯಿಂದ ಎರಡು ಲೀಟರ್ ಮಾತ್ರ. ಉಳಿದುದರಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಸಮೀಪಸ್ಥ ನಾಳಿಕೆಯೊಂದೇ ಮರಳಿ ಹೀರಿಕೊಳ್ಳುತ್ತದೆ. ಸೋಸಿಬಂದ ಸಣ್ಣ ಪ್ರೋಟೀನುಗಳನ್ನು ಹಿಡಿಯಲು ಅದರ ಮೇಲ್ಮೈಯಲ್ಲಿ ಮೆಗಾಲಿನ್ ಮತ್ತು ಕ್ಯುಬಿಲಿನ್ ಎಂಬ ಗ್ರಾಹಕಗಳಿವೆ. ಸುಮಾರು 600 ಕಿಲೋಡಾಲ್ಟನ್ ತೂಗುವ ಮೆಗಾಲಿನ್‌ಗೆ ಆ ಹೆಸರು ಬಂದದ್ದೇ ಅದರ ಗಾತ್ರದಿಂದ. ಗ್ರಾಹಕವು ಸರಕನ್ನು ಹಿಡಿದು ಎಂಡೊಸೋಮ್ ಎಂಬ ಸಾಗಣೆ ಚೀಲದೊಳಕ್ಕೆ ಇಳಿಯುತ್ತದೆ, ಅಲ್ಲಿನ ಆಮ್ಲೀಯತೆಯಲ್ಲಿ ಸರಕನ್ನು ಬಿಟ್ಟುಕೊಡುತ್ತದೆ, ತಾನು ಮತ್ತೆ ಮೇಲ್ಮೈಗೆ ಮರಳುತ್ತದೆ. ಸರಕು ಲೈಸೊಸೋಮಿಗೆ ಹೋಗಿ ಪುಡಿಯಾಗುತ್ತದೆ. ಇದು ಬಿಡುವಿಲ್ಲದೆ ನಡೆಯುವುದರಿಂದ, ದೇಹದ ಬೇರೆ ಯಾವ ಕೋಶಕ್ಕೂ ತಟ್ಟದಷ್ಟು ಬೇಗ ಲೈಸೊಸೋಮಿನ ದೋಷ ಈ ಕೋಶಕ್ಕೆ ತಟ್ಟುತ್ತದೆ.

ಸಿಸ್ಟಿನೋಸಿನ್ ಬರಿಯ ಬಾಗಿಲಲ್ಲ. 2016ರಲ್ಲಿ ಪ್ರಕಟವಾದ ಕೆಲಸವೊಂದು, ಅದು ಲೈಸೊಸೋಮಿನ ಮೇಲೆ ಪ್ರೋಟಾನ್ ಪಂಪು, ರ‍್ಯಾಗುಲೇಟರ್ ಮತ್ತು ರ‍್ಯಾಗ್ ಪ್ರೋಟೀನುಗಳ ಕೂಟದೊಂದಿಗೆ ಕೈಜೋಡಿಸಿ ನಿಂತಿರುತ್ತದೆ ಎಂದು ತೋರಿಸಿತು. ಪೋಷಕಾಂಶ ಸಾಕಷ್ಟಿದೆಯೇ ಎಂದು ಅಳೆದು, ಬೆಳೆಯಬೇಕೋ ತನ್ನ ಭಾಗಗಳನ್ನೇ ಕರಗಿಸಿಕೊಳ್ಳಬೇಕೋ ಎಂದು ಕೋಶಕ್ಕೆ ತಿಳಿಸುವ ಎಂಟಾರ್‌ಸಿ1 ಎಂಬ ಕಿಣ್ವಕೂಟ ಬಂದು ಕೂರುವುದು ಅಲ್ಲಿಯೇ. ಸಿಸ್ಟಿನೋಸಿನ್ ಇಲ್ಲದ ಇಲಿಯ ನಾಳಿಕಾಕೋಶಗಳಲ್ಲಿ ಎಂಟಾರ್ ಸಂಕೇತ ಕುಗ್ಗಿತ್ತು. ಸಿಸ್ಟಿಯಮೈನ್ ಹಾಕಿ ಸಿಸ್ಟಿನ್ ಖಾಲಿ ಮಾಡಿದರೂ ಅದು ಸರಿಹೋಗಲಿಲ್ಲ. ತಮ್ಮ ಪ್ರಶ್ನೆಗೆ ಇದು ಒಂದು ಉತ್ತರ: ಔಷಧವು ಪ್ರೋಟೀನಿನ ಒಂದು ಕೆಲಸವನ್ನು ವಹಿಸಿಕೊಂಡಿದೆ, ಇನ್ನೊಂದನ್ನು ವಹಿಸಿಕೊಂಡಿಲ್ಲ.

2018ರ ಮತ್ತೊಂದು ಅಧ್ಯಯನ ಇದರ ಮುಂದಿನ ಕೊಂಡಿಗಳನ್ನು ಜೋಡಿಸಿತು. ಕೆಟ್ಟ ಲೈಸೊಸೋಮಿನಿಂದಾಗಿ ಆಟೋಫೇಜಿ, ಅಂದರೆ ಕೋಶವು ತನ್ನ ಹಳೆಯ ಭಾಗಗಳನ್ನು ಕರಗಿಸಿಕೊಳ್ಳುವ ಕ್ರಿಯೆ, ಕುಂಟುತ್ತದೆ, ಹಾಳಾದ ಮೈಟೊಕಾಂಡ್ರಿಯಗಳು ವಿಲೇವಾರಿಯಾಗದೆ ಉಳಿಯುತ್ತವೆ, ಅವು ಹೊರಸೂಸುವ ಕ್ರಿಯಾಶೀಲ ಆಮ್ಲಜನಕದಿಂದ ಕೋಶಗಳ ನಡುವಿನ ಬಿಗಿಬೆಸುಗೆ ಸಡಿಲವಾಗುತ್ತದೆ. ಬೆಸುಗೆಯಲ್ಲಿ ಕಟ್ಟಿಹಾಕಲ್ಪಟ್ಟಿದ್ದ ಜೋನಾಬ್ ಎಂಬ ಪ್ರೋಟೀನ್ ಆಗ ಬಿಡುಗಡೆಯಾಗಿ ಕೋಶಕೇಂದ್ರವನ್ನು ಹೊಕ್ಕು, "ವಿಭಜಿಸು" ಎಂಬ ಆದೇಶ ಹೊರಡಿಸುತ್ತದೆ. ವಿಭಜನೆಗೆ ಹೊರಟ ಕೋಶವು ತನ್ನ ಕಸುಬನ್ನು ಮರೆತು ಮೆಗಾಲಿನ್ ತಯಾರಿಕೆಯನ್ನೇ ಇಳಿಸುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಆಲ್ಬುಮಿನ್ ಅನ್ನು ಆರೋಗ್ಯವಂತ ಕೋಶಗಳ ಮೇಲೆ ಸುರಿದು ಕಾಲು ಗಂಟೆ ಬಿಟ್ಟು ನೋಡಿದರೆ, ಮೇಲ್ಮೈಯ ಕೆಳಗೇ ಸಾಸಿವೆ ಚೆಲ್ಲಿದಂತೆ ನೂರಾರು ಚುಕ್ಕೆಗಳು ಒತ್ತೊತ್ತಾಗಿ ಮಿನುಗುತ್ತವೆ. ಸಿಸ್ಟಿನೋಸಿನ್ ಇಲ್ಲದ ಕೋಶಗಳಲ್ಲಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು. ಲೈಸೊಸೋಮುಗಳು ಮಾತ್ರ ಊದಿಕೊಂಡು ಕೋಶಕೇಂದ್ರದ ಸುತ್ತ ಗುಂಪುಗೂಡಿರುತ್ತವೆ.

ಜಾಲರಿ

ನಡುವೆ ಬಾಯಿಹಾಕಿದ್ದಕ್ಕೆ ಕ್ಷಮೆಯಿರಲಿ. ಸಿಸ್ಟಿನ್, ಸಿಸ್ಟೀನ್, ಸಿಸ್ಟಿನೋಸಿಸ್, ಸಿಸ್ಟಿನೂರಿಯ ಇವೆಲ್ಲ ಒಂದೇ ಎಂದುಕೊಂಡು ಓದುವವರು ನನ್ನಂತೆ ಹಲವರಿರಬಹುದು.

ಟಿಪ್ಪಣಿಕಾರ

ಸಿಸ್ಟೀನ್ ಒಂದು ಅಮೈನೊ ಆಮ್ಲ. ಎರಡು ಸಿಸ್ಟೀನ್‌ಗಳು ಗಂಧಕದ ಕೊಂಡಿಯಿಂದ ಬೆಸೆದುಕೊಂಡಾಗ ಸಿಸ್ಟಿನ್. ಸಿಸ್ಟಿನೂರಿಯ ಬೇರೆಯೇ ರೋಗ. ಅಲ್ಲಿ ಕೆಟ್ಟಿರುವುದು ನಾಳಿಕೆಯ ಮೇಲ್ಮೈಯಲ್ಲಿರುವ ಸಾಗಣೆ ಪ್ರೋಟೀನ್, ಆದ್ದರಿಂದ ಸಿಸ್ಟಿನ್ ಮೂತ್ರದಲ್ಲಿ ಉಳಿದು ಕಲ್ಲುಗಟ್ಟುತ್ತದೆ. ಸಿಸ್ಟಿನೋಸಿಸ್‌ನಲ್ಲಿ ಅದು ಎಲ್ಲ ಕೋಶಗಳ ಲೈಸೊಸೋಮುಗಳಲ್ಲಿ ಕೂಡಿಕೊಳ್ಳುತ್ತದೆ. ಕಣ್ಣಿನ ಪಾರದರ್ಶಕ ಪಟಲದಲ್ಲೂ ಹರಳುಗಳು ಕಾಣುತ್ತವೆ.

ಸಂದೇಹಿ

ಕೋಶಪ್ರಿಯ ಅವರ ವಿವರಣೆ ಸೊಗಸಾಗಿದೆ. ನನಗೆ ಒಪ್ಪಿಗೆಯಿಲ್ಲದಿರುವುದು ಅದರ ಸೊಗಸಿನ ಬಗ್ಗೆಯೇ. ಔಷಧದಿಂದ ಫ್ಯಾಂಕೋನಿ ನಿಲ್ಲಲಿಲ್ಲ ಎಂಬ ಒಂದೇ ಸಂಗತಿಯಿಂದ "ಸಿಸ್ಟಿನ್ ಕಾರಣವಲ್ಲ" ಎಂಬ ತೀರ್ಮಾನಕ್ಕೆ ನೆಗೆಯುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಹುಟ್ಟಿದಾಗ ಈ ಮಕ್ಕಳು ಆರೋಗ್ಯವಾಗಿಯೇ ಕಾಣುತ್ತಾರೆ. ಸೋರಿಕೆಯ ಲಕ್ಷಣಗಳು ಸಾಮಾನ್ಯವಾಗಿ 6ರಿಂದ 12 ತಿಂಗಳ ನಡುವೆ ಎದ್ದುಕಾಣುತ್ತವೆ, ರೋಗನಿರ್ಣಯ ಅದಕ್ಕೂ ತಡವಾಗಬಹುದು. ಅಷ್ಟರೊಳಗೆ ಸೋಸುಗುಚ್ಛಕ್ಕೆ ಅಂಟಿಕೊಂಡಿರುವ ನಾಳಿಕೆಯ ಮೊದಲ ಭಾಗ ಸೊರಗಿ ಹಂಸದ ಕತ್ತಿನಂತೆ ಸಪೂರವಾಗಿರುತ್ತದೆ. ಬೆಂಕಿ ಹೊತ್ತಿ ಮನೆ ಕುಸಿದ ಮೇಲೆ ನೀರು ಹಾಯಿಸಿ, ಮನೆ ಎದ್ದು ನಿಲ್ಲಲಿಲ್ಲವಾದ್ದರಿಂದ ಬೆಂಕಿಯೇ ಕಾರಣವಲ್ಲ ಎಂದರೆ ಹೇಗೆ? ತಡವಾಗಿ ಬಂದ ಔಷಧದ ಸೋಲು ಕಾರಣದ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ.

ಇನ್ನೊಂದು ಮಾತು. 2016ರಲ್ಲಿ ಎಂಟಾರ್ ಕುಗ್ಗಿತ್ತು ಎಂದಿರಿ. ಆದರೆ 2023ರಲ್ಲಿ ಇದಕ್ಕೆ ತಿರುವುಮುರುವಾದ ಚಿತ್ರ ಬಂತು: ಲೈಸೊಸೋಮಿನಲ್ಲಿ ಸಿಸ್ಟಿನ್ ತುಂಬಿದಾಗ ಎಂಟಾರ್‌ಸಿ1 ಅಲ್ಲಿ ಬಂದು ಕುಳಿತು ಅತಿಯಾಗಿ ಚುರುಕಾಗುತ್ತದೆ, ಅದನ್ನು ಕಡಿಮೆ ಪ್ರಮಾಣದ ರ‍್ಯಾಪಮೈಸಿನ್‌ನಿಂದ ತಗ್ಗಿಸಿದರೆ ಜೀಬ್ರಾಮೀನು, ಹೆಗ್ಗಣ ಮತ್ತು ರೋಗಿಗಳಿಂದ ಪಡೆದ ಕೋಶಗಳಲ್ಲಿ ನಾಳಿಕೆಯ ಗುಣ ಮರಳುತ್ತದೆ ಎಂದು ಆ ತಂಡ ವರದಿಮಾಡಿತು. ಇದು ನಿಜವಾದರೆ ಸಂಕೇತವನ್ನು ಕೆಡಿಸುತ್ತಿರುವುದು ಸಿಸ್ಟಿನ್ ಸಂಗ್ರಹವೇ. ಕುಗ್ಗಿದೆಯೋ ಹೆಚ್ಚಿದೆಯೋ ಎಂಬುದರಲ್ಲೇ ಒಮ್ಮತವಿಲ್ಲದಿರುವಾಗ ಒಂದು ಪಕ್ಷದ ಉತ್ತರವನ್ನು ಪಠ್ಯದಲ್ಲಿ ಬರೆದುಬಿಡುವುದು ಅವಸರವಾಗುತ್ತದೆ.

ಕೋಶಪ್ರಿಯ

ಸಮಯದ ಕುರಿತ ತಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. 2016 ಮತ್ತು 2023ರ ನಡುವಿನ ವಿರೋಧವೂ ನಿಜವೇ. ಕೋಶಗಳ ಮೂಲ ಬೇರೆ, ಬೆಳೆಸಿದ ಬಗೆ ಬೇರೆ ಎಂಬುದು ನನ್ನ ಅಂದಾಜಿನ ಸಮಾಧಾನ, ಅದಕ್ಕಿಂತ ಹೆಚ್ಚಿಲ್ಲ. ಆದರೆ ಸಂಗ್ರಹವೊಂದೇ ಸಾಕು ಎಂಬ ವಾದಕ್ಕೂ ಒಂದು ಮುಳ್ಳಿದೆ. ಸಿಟಿಎನ್‌ಎಸ್ ಜೀನನ್ನು ಎರಡು ಬೇರೆ ತಳಿಯ ಇಲಿಗಳಲ್ಲಿ ತೆಗೆದುಹಾಕಿ 2010ರಲ್ಲಿ ವರದಿಮಾಡಿದ ಪ್ರಯೋಗದಲ್ಲಿ ಎರಡೂ ತಳಿಗಳ ಮೂತ್ರಪಿಂಡದಲ್ಲಿ ಸಿಸ್ಟಿನ್ ತುಂಬಿ ಹರಳುಗಳಾದವು. ಫ್ಯಾಂಕೋನಿ ಬಂದದ್ದು ಒಂದೇ ತಳಿಗೆ. ಇನ್ನೊಂದು ತಳಿಯ ಇಲಿಗಳು ಹರಳುಗಳನ್ನು ಹೊತ್ತುಕೊಂಡೇ ಆರಾಮವಾಗಿದ್ದವು.

ಈ ಬಗೆಯ ವ್ಯಾಜ್ಯ ಹೇಗೆ ಬಗೆಹರಿಯಬಹುದು ಎಂಬುದಕ್ಕೆ ಡೆಂಟ್ ರೋಗದ ಕಥೆಯನ್ನು ಹೇಳಲೇಬೇಕು. ಚಾರ್ಲ್ಸ್ ಡೆಂಟ್ ಮತ್ತು ಫ್ರೀಡ್‌ಮನ್ 1964ರಲ್ಲಿ ಇಬ್ಬರು ಇಂಗ್ಲಿಷ್ ಹುಡುಗರಲ್ಲಿ ಇದನ್ನು ವಿವರಿಸಿದರು: ರಿಕೆಟ್ಸ್, ಮೂತ್ರದಲ್ಲಿ ಅಧಿಕ ಕ್ಯಾಲ್ಸಿಯಂ, ಸಣ್ಣ ಪ್ರೋಟೀನುಗಳ ಸೋರಿಕೆ. ಡೆಂಟ್ ಅವರ ಹೆಸರನ್ನು ರೋಗಕ್ಕೆ ಇಟ್ಟವರು ಆಲಿವರ್ ರಾಂಗ್, 1994ರಲ್ಲಿ. ಎಕ್ಸ್ ವರ್ಣತಂತುವಿನ ಮೇಲಿರುವ ಸಿಎಲ್‌ಸಿಎನ್5 ಜೀನಿನ ದೋಷ ಇದಕ್ಕೆ ಮೂಲವೆಂದು 1996ರಲ್ಲಿ ಸ್ಪಷ್ಟವಾಯಿತು. ಅದು ರೂಪಿಸುವ ಸಿಎಲ್‌ಸಿ-5 ಪ್ರೋಟೀನ್ ಎಂಡೊಸೋಮಿನ ಪೊರೆಯಲ್ಲಿ ಕುಳಿತಿರುತ್ತದೆ. ವಿವರಣೆ ಕೈಗೆಟುಕುವಂತೆಯೇ ಇತ್ತು. ಪಂಪು ಪ್ರೋಟಾನುಗಳನ್ನು ಒಳಕ್ಕೆ ತಳ್ಳಿದಂತೆ ಧನ ವಿದ್ಯುದಂಶ ಕೂಡಿ ಪಂಪಿಗೇ ಅಡ್ಡಿಯಾಗುತ್ತದೆ, ಕ್ಲೋರೈಡ್ ಒಳಬಂದು ಅದನ್ನು ಸರಿದೂಗಿಸಬೇಕು, ಸಿಎಲ್‌ಸಿ-5 ಇಲ್ಲದಿದ್ದರೆ ಎಂಡೊಸೋಮ್ ಆಮ್ಲೀಯವಾಗದು, ಆಮ್ಲೀಯವಾಗದಿದ್ದರೆ ಮೆಗಾಲಿನ್ ಸರಕನ್ನು ಬಿಟ್ಟು ಮರಳದು. ಜೀನನ್ನು ತೆಗೆದ ಇಲಿಗಳ ಎಂಡೊಸೋಮುಗಳು ಆಮ್ಲೀಯವಾಗುವಲ್ಲಿ ನಿಜಕ್ಕೂ ಹಿಂದೆಬಿದ್ದವು. ಪಾಠ ಬರೆಯುವವರಿಗೆ ಇನ್ನೇನು ಬೇಕು?

2005ರಲ್ಲಿ ಮೊದಲ ಬಿರುಕು ಮೂಡಿತು. ಸಿಎಲ್‌ಸಿ-5 ಬರಿಯ ಕ್ಲೋರೈಡ್ ಕಾಲುವೆಯಲ್ಲ, ಎರಡು ಕ್ಲೋರೈಡ್‌ಗಳನ್ನು ಒಳಬಿಟ್ಟುಕೊಂಡು ಒಂದು ಪ್ರೋಟಾನನ್ನು ಹೊರಬಿಡುವ ವಿನಿಮಯ ಯಂತ್ರ ಎಂದು ಗೊತ್ತಾಯಿತು. ಆಮ್ಲೀಯಗೊಳಿಸಲು ಇರುವ ಪ್ರೋಟೀನ್ ಪ್ರೋಟಾನನ್ನು ಹೊರಬಿಡುವುದೆಂದರೆ ಮೇಲ್ನೋಟಕ್ಕೇ ಅಸಂಗತ. ಆಗ ಥಾಮಸ್ ಯೆಂಚ್ ಅವರ ತಂಡ ಮಾಡಿದ ಪ್ರಯೋಗ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಚೊಕ್ಕ ಪ್ರಯೋಗ. ಅವರು ಪ್ರೋಟೀನನ್ನು ತೆಗೆದುಹಾಕಲಿಲ್ಲ. 211ನೇ ಸ್ಥಾನದ ಗ್ಲುಟಮೇಟನ್ನು ಅಲನೈನ್ ಆಗಿ ಬದಲಿಸಿದರು. ಈ ಒಂದು ಬದಲಾವಣೆಯಿಂದ ವಿನಿಮಯ ಯಂತ್ರವು ಪ್ರೋಟಾನಿನ ಗೊಡವೆಯಿಲ್ಲದ ಕ್ಲೋರೈಡ್ ದಾರಿಯಾಗುತ್ತದೆ. ಅಂಥ ಇಲಿಗಳ ಎಂಡೊಸೋಮುಗಳು ಸರಿಯಾಗಿಯೇ ಆಮ್ಲೀಯವಾದವು. ಆದರೂ ನಾಳಿಕೆಗಳು ಸೋರಿದವು, ಜೀನನ್ನೇ ತೆಗೆದ ಇಲಿಗಳಂತೆಯೇ. 2010ರ ಈ ಫಲಿತಾಂಶದ ನಂತರ ಆಮ್ಲೀಯತೆಯ ಕೊರತೆಯೊಂದನ್ನೇ ಕಾರಣವೆಂದು ಹೇಳುವಂತಿಲ್ಲ. ಎಂಡೊಸೋಮಿನೊಳಗೆ ಕ್ಲೋರೈಡ್ ಸಾಂದ್ರವಾಗುವುದೇ ಮುಖ್ಯವಿರಬೇಕೆಂದು ಆ ತಂಡ ಸೂಚಿಸಿತು. ಪ್ರೋಟೀನನ್ನು ಇಡಿಯಾಗಿ ಕಿತ್ತೆಸೆದು ನೋಡುವ ಪ್ರಯೋಗ ಎಷ್ಟೇ ಸಲ ನಡೆದಿದ್ದರೂ ಈ ವಿಷಯ ಹೊರಬೀಳುತ್ತಿರಲಿಲ್ಲ.

ವಂಶವಾಹಿ

ಕೋಶಪ್ರಿಯರ ಮಾತಿಗೆ ಇನ್ನೊಂದು ನಿದರ್ಶನ ಸೇರಿಸುತ್ತೇನೆ. ಇಎಚ್‌ಎಚ್‌ಎಡಿಎಚ್ ಎಂಬ ಕಿಣ್ವದ ಮನೆ ಪೆರಾಕ್ಸಿಸೋಮ್ ಎಂಬ ಕೋಶಾಂಗ. ಅದರ ಮೂರನೆಯ ಸ್ಥಾನದ ಗ್ಲುಟಮೇಟ್ ಲೈಸಿನ್ ಆಗಿ ಬದಲಾದ ಕುಟುಂಬವೊಂದರಲ್ಲಿ ಫ್ಯಾಂಕೋನಿ ಸಿಂಡ್ರೋಮ್ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿರುವುದನ್ನು 2014ರಲ್ಲಿ ವಿವರಿಸಲಾಯಿತು. ಈ ಬದಲಾವಣೆಯಿಂದ ಪ್ರೋಟೀನಿನ ತುದಿಯಲ್ಲಿ ಮೈಟೊಕಾಂಡ್ರಿಯದ ವಿಳಾಸ ಹೊಸದಾಗಿ ಮೂಡಿಬಿಡುತ್ತದೆ. ಕಿಣ್ವ ತಪ್ಪು ಮನೆ ಹೊಕ್ಕು ಅಲ್ಲಿನ ಶಕ್ತಿ ಉತ್ಪಾದನೆಯನ್ನು ಹದಗೆಡಿಸುತ್ತದೆ. ಈ ಜೀನೇ ಇಲ್ಲದ ಇಲಿಗಳಿಗೆ ನಾಳಿಕೆಯ ತೊಂದರೆ ಇರಲಿಲ್ಲ. ಅಂದರೆ ಕಿಣ್ವ ಇಲ್ಲದಿರುವುದು ಇಲ್ಲಿ ರೋಗವಲ್ಲ, ಇರಬಾರದ ಕಡೆ ಇರುವುದು ರೋಗ.

ಸಂದೇಹಿ

ಎರಡೂ ಒಳ್ಳೆಯ ನಿದರ್ಶನಗಳು. ಆದರೂ ಇಲಿ ಮತ್ತು ತಟ್ಟೆಯ ಕೋಶಗಳ ಬಗ್ಗೆ ನನ್ನ ಹಳೆಯ ತಕರಾರು ಉಳಿದೇ ಇದೆ. ಲೋವ್ ಸಿಂಡ್ರೋಮ್ ನೋಡಿ: ಕಣ್ಣು, ಮಿದುಳು, ಮೂತ್ರಪಿಂಡ ಮೂರನ್ನೂ ಬಾಧಿಸುವ ಈ ರೋಗದ ಒಸಿಆರ್‌ಎಲ್ ಜೀನ್ 1992ರಲ್ಲಿ ಸಿಕ್ಕಿತು. ಅದೇ ಜೀನಿನ ದೋಷ ಕೆಲವರಲ್ಲಿ ಡೆಂಟ್ ರೋಗದ ರೂಪದಲ್ಲೂ ಕಾಣಿಸಿಕೊಳ್ಳುತ್ತದೆ ಎಂಬುದು 2005ರಲ್ಲಿ ತಿಳಿಯಿತು. ಒಂದೇ ಜೀನ್ ಕೆಟ್ಟಾಗ ಒಬ್ಬರಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆ, ಇನ್ನೊಬ್ಬರಿಗೆ ಬರಿಯ ನಾಳಿಕೆಯ ಸೋರಿಕೆ ಏಕೆ ಎಂಬುದು ಬೇರೆಯದೇ ಒಗಟು. ಇಲಿಯಲ್ಲಿ ಆ ಜೀನನ್ನು ತೆಗೆದರೆ ಏನೂ ಆಗಲಿಲ್ಲ, ಏಕೆಂದರೆ ಐಎನ್‌ಪಿಪಿ5ಬಿ ಎಂಬ ಸಹೋದರ ಕಿಣ್ವ ಆ ಕೆಲಸವನ್ನು ತುಂಬಿಕೊಟ್ಟಿತು. ಇಲಿಯ ಆ ಕಿಣ್ವದ ಬದಲಿಗೆ ಮಾನವನ ಆವೃತ್ತಿಯನ್ನು ಇಟ್ಟ ಮೇಲಷ್ಟೇ, 2011ರಲ್ಲಿ, ನಾಳಿಕೆಯ ರೋಗ ಕಾಣಿಸಿಕೊಂಡಿತು.

ತಟ್ಟೆಯ ಕೋಶಗಳ ಪಾಡೂ ಇಷ್ಟೇ. ದೇಹದಲ್ಲಿ ದ್ರವದ ಹರಿವಿನಲ್ಲಿ ಬಾಳುವ ಕೋಶವನ್ನು ನಿಂತ ನೀರಿನಲ್ಲಿ ಕೂರಿಸಿ, ಅದು ಕಸುಬು ಮರೆತಿದೆ ಎಂದು ನಾವು ಆಶ್ಚರ್ಯಪಡುತ್ತೇವೆ. ಕಸುಬು ಮರೆಯುವುದೇ ರೋಗವೆಂದು ಹೇಳುವ ಅಧ್ಯಯನದಲ್ಲಂತೂ ರೋಗ ಎಷ್ಟು, ತಟ್ಟೆಯ ಪ್ರಭಾವ ಎಷ್ಟು ಎಂದು ಬೇರ್ಪಡಿಸುವವರು ಯಾರು?

ಕೋಶಪ್ರಿಯ

ಈ ತಕರಾರು ನಮ್ಮನ್ನೂ ಕಾಡುತ್ತದೆ. ಒಪೊಸಮ್ ಪ್ರಾಣಿಯ ಮೂತ್ರಪಿಂಡದಿಂದ ಬಂದ ಕೋಶತಳಿಯೊಂದನ್ನು ಈ ಕ್ಷೇತ್ರದಲ್ಲಿ ದಶಕಗಳಿಂದ ಬಳಸುತ್ತಿದ್ದೇವೆ. ಅವನ್ನು ನಿಧಾನವಾಗಿ ಸುತ್ತುವ ವೇದಿಕೆಯ ಮೇಲಿಟ್ಟು ದ್ರವ ಸದಾ ಕೋಶಗಳನ್ನು ಸವರಿಕೊಂಡು ಹರಿಯುವಂತೆ ಬೆಳೆಸಿದರೆ ಕೋಶಗಳು ಎತ್ತರವಾಗುತ್ತವೆ, ಮೈಟೊಕಾಂಡ್ರಿಯ ಹೆಚ್ಚುತ್ತದೆ, ಪ್ರೋಟೀನು ಹೀರಿಕೊಳ್ಳುವುದು ಗಮನಾರ್ಹವಾಗಿ ಏರುತ್ತದೆ ಎಂಬುದು 2017ರಲ್ಲಿ ವರದಿಯಾಯಿತು. ನಾವೂ ಅದೇ ಕ್ರಮ ಹಿಡಿದೆವು. ಮೊದಲ ವಾರ ವೇದಿಕೆಯ ವೇಗ ಜಾಸ್ತಿಯಾಗಿ ಕೋಶಗಳೆಲ್ಲ ತಟ್ಟೆಯ ಅಂಚಿಗೆ ಸಿಪ್ಪೆಯಂತೆ ಎದ್ದುಬಂದದ್ದನ್ನು ಬಿಟ್ಟರೆ, ಫಲಿತಾಂಶ ಅವರು ಹೇಳಿದಂತೆಯೇ ಇತ್ತು. ನಿಂತ ನೀರಿನಲ್ಲಿ ಮಾಡಿದ ನಮ್ಮ ಹಿಂದಿನ ಅಳತೆಗಳಲ್ಲಿ ಎಷ್ಟನ್ನು ನಂಬಬೇಕು ಎಂದು ಆ ದಿನದಿಂದ ಯೋಚಿಸುತ್ತಲೇ ಇದ್ದೇನೆ. ರೋಗಿಯ ಮೂತ್ರದಲ್ಲಿ ಉದುರಿಬರುವ ನಾಳಿಕಾಕೋಶಗಳನ್ನೇ ಬೆಳೆಸುವ ವಿಧಾನ ಬಂದಿರುವುದು ಒಂದು ನೆಮ್ಮದಿ. ಕನಿಷ್ಠ ಅವು ಮನುಷ್ಯರವು, ಅದೇ ರೋಗವುಳ್ಳವರವು.

ಒಬ್ಬ ತಾಯಿ

ನಾನು ವಿಜ್ಞಾನಿಯಲ್ಲ. ನನ್ನ ಮಗನಿಗೆ ಡೆಂಟ್ ರೋಗವಿದೆ. ಮೂತ್ರದಲ್ಲಿ ಅದ್ದುವ ಪಟ್ಟಿ ಹಳದಿಯಿಂದ ಹಸಿರಿಗೆ ತಿರುಗಿದ್ದನ್ನು ನೋಡಿ ಮೊದಲು ಅದನ್ನು ನೆಫ್ರಾಟಿಕ್ ಸಿಂಡ್ರೋಮ್, ಅಂದರೆ ಸೋಸುವ ಜಾಲರಿಯಿಂದಲೇ ಪ್ರೋಟೀನು ಸೋರುವ ರೋಗ, ಎಂದು ಭಾವಿಸಿ ತಿಂಗಳುಗಟ್ಟಲೆ ಸ್ಟಿರಾಯ್ಡ್ ಕೊಡಲಾಯಿತು. ಮಗುವಿಗೆ ಬಾವು ಇರಲಿಲ್ಲ, ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾಗಿರಲಿಲ್ಲ, ಸ್ಟಿರಾಯ್ಡ್‌ನಿಂದ ಪ್ರೋಟೀನು ಇಳಿಯಲೂ ಇಲ್ಲ. ಕೊನೆಗೆ ಬೇರೊಬ್ಬ ವೈದ್ಯರು ಸಣ್ಣ ಪ್ರೋಟೀನುಗಳನ್ನು ಅಳೆಸಿದಾಗ ವಿಷಯ ತಿಳಿಯಿತು. ಸೋಸುವ ಜಾಲರಿ ಹರಿದಿಲ್ಲ, ಸೋಸಿದ್ದನ್ನು ಮರಳಿ ಹೀರುವ ನಾಳಿಕೆ ಕೆಲಸ ನಿಲ್ಲಿಸಿದೆ ಎಂದು ಅವರು ಹೇಳಿದ ಒಂದು ವಾಕ್ಯಕ್ಕಾಗಿ ನಾವು ಎರಡು ವರ್ಷ ಕಾದಿದ್ದೆವು. ಇಲ್ಲಿಯ ಚರ್ಚೆ ಓದಿದಾಗ ಆ ವಾಕ್ಯದ ಹಿಂದೆ ಎಷ್ಟೊಂದು ಇದೆ ಎಂದು ಅರ್ಥವಾಗುತ್ತಿದೆ. ಒಂದು ಸಣ್ಣ ಪ್ರಶ್ನೆಯಿದೆ, ಮಾತು ಮುಗಿದ ಮೇಲೆ ಕೇಳುತ್ತೇನೆ.

ಟಿಪ್ಪಣಿಕಾರ

ತಾವು ಯಾವಾಗ ಬೇಕಾದರೂ ಕೇಳಿ ಅಮ್ಮ. ಅದಕ್ಕೂ ಮುನ್ನ ನನ್ನ ಮೂಲ ಪ್ರಶ್ನೆಗೆ ಒಮ್ಮೆ ಮರಳುತ್ತೇನೆ. ಸಿಸ್ಟಿನೋಸಿಸ್ ಇಲಿಗಳಿಗೆ ಆರೋಗ್ಯವಂತ ಇಲಿಯ ರಕ್ತಮೂಲ ಆಕರಕೋಶಗಳನ್ನು ಕೊಟ್ಟಾಗ ಮೂತ್ರಪಿಂಡ ಉಳಿಯಿತು ಎಂದು 2009ರಲ್ಲಿ ವರದಿಯಾದುದನ್ನು ಓದಿದ್ದೇನೆ. ರಕ್ತದ ಕೋಶ ನಾಳಿಕೆಯ ಕೋಶವಾಗುವುದಿಲ್ಲವಲ್ಲ, ಹಾಗಾದರೆ ನಾಳಿಕೆಗೆ ಸಿಸ್ಟಿನೋಸಿನ್ ಸಿಕ್ಕಿದ್ದು ಹೇಗೆ?

ಕೋಶಪ್ರಿಯ

ಆ ಆಕರಕೋಶಗಳಿಂದ ಹುಟ್ಟಿದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ನಾಳಿಕೆಯ ಹೊರಬದಿಗೆ ಬಂದು ನೆಲೆಸುತ್ತವೆ. ನಾಳಿಕೆಯನ್ನು ದಟ್ಟವಾದ ತಳಪೊರೆ ಸುತ್ತಿಕೊಂಡಿದೆ. ಮ್ಯಾಕ್ರೋಫೇಜ್‌ಗಳು ಎಳೆಯಂಥ ಸೂಕ್ಷ್ಮ ಕೊಳವೆಗಳನ್ನು ಚಾಚಿ, ಆ ತಳಪೊರೆಯನ್ನೂ ತೂರಿ, ಸಿಸ್ಟಿನೋಸಿನ್ ಹೊತ್ತ ಲೈಸೊಸೋಮುಗಳನ್ನೇ ನಾಳಿಕಾಕೋಶಕ್ಕೆ ದಾಟಿಸುವುದನ್ನು 2015ರಲ್ಲಿ ತೋರಿಸಲಾಯಿತು. ಅಂಗಾಂಶದ ತೆಳುಚೂರಿನಲ್ಲಿ ಹಸಿರು ಎಳೆಯೊಂದು ಕಪ್ಪು ಗೆರೆಯಂತಿರುವ ತಳಪೊರೆಯನ್ನು ದಾಟಿ ಒಳಗೆ ಇಳಿದಿರುವುದನ್ನು ನೋಡಿದರೆ ಯಾರಿಗಾದರೂ ಬೆರಗಾಗುತ್ತದೆ. ಪ್ರೋಟೀನೇ ಮರಳಿ ಬಂದಾಗ ನಾಳಿಕೆ ಉಳಿಯುತ್ತದೆ, ಔಷಧದಿಂದ ಅಷ್ಟು ಉಳಿಯುವುದಿಲ್ಲ ಎಂಬುದು ನನ್ನ ಪಕ್ಷಕ್ಕೆ ಬಲ ಕೊಡುತ್ತದೆ.

ಸಂದೇಹಿ

ಬಲ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಮರಳಿ ಬಂದ ಪ್ರೋಟೀನ್ ಹಗಲಿರುಳೂ ಸಿಸ್ಟಿನ್ ಹೊರಹಾಕುತ್ತದೆ. ಔಷಧದ ಸಾಮಾನ್ಯ ರೂಪವನ್ನು ಆರು ಗಂಟೆಗೊಮ್ಮೆ ಕೊಡಬೇಕು, ಒಂದು ಹೊತ್ತು ತಪ್ಪಿದರೆ ಸಿಸ್ಟಿನ್ ಮತ್ತೆ ಏರುತ್ತದೆ. ವ್ಯತ್ಯಾಸ ಬಂದದ್ದು ಸಾಗಣೆಯ ನಿರಂತರತೆಯಿಂದಲೋ ಪ್ರೋಟೀನಿನ ಎರಡನೆಯ ಕೆಲಸದಿಂದಲೋ? ಇದನ್ನು ತೀರ್ಮಾನಿಸಲು ಸಿಎಲ್‌ಸಿ-5 ಇಲಿಗೆ ಸಮನಾದ ಇಲಿ ಬೇಕು: ಸಿಸ್ಟಿನ್ ಸಾಗಿಸಲಾರದ, ಆದರೆ ರ‍್ಯಾಗ್ ಕೂಟದೊಂದಿಗೆ ಎಂದಿನಂತೆ ಕೈಜೋಡಿಸುವ ಸಿಸ್ಟಿನೋಸಿನ್ ಉಳ್ಳದ್ದು, ಮತ್ತು ಅದರ ತದ್ವಿರುದ್ಧವಾದದ್ದು. ಎರಡನ್ನೂ ರೋಗ ಬರುವ ತಳಿಯಲ್ಲೇ ಮಾಡಬೇಕು. ಅಲ್ಲಿಯವರೆಗೆ ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುತ್ತಿದ್ದೇನೆ ಎಂದು ಬೈದರೂ ಅಡ್ಡಿಯಿಲ್ಲ.

ಕೋಶಪ್ರಿಯ

ಬೈಯುವುದಿಲ್ಲ. ಆ ಜೋಡಿ ಇಲಿಗಳನ್ನು ನಾನೂ ನೋಡಬಯಸುತ್ತೇನೆ. ಒಂದೇ ಎಚ್ಚರಿಕೆ: ಸಾಗಣೆ ಸತ್ತ ಪ್ರೋಟೀನ್ ಲೈಸೊಸೋಮನ್ನು ತಲುಪಿ ಅಲ್ಲಿ ಸಾಕಷ್ಟು ಪ್ರಮಾಣದಲ್ಲಿ ಉಳಿಯುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಪ್ರೋಟೀನನ್ನೇ ತೆಗೆದ ಇಲಿಗೂ ಇದಕ್ಕೂ ವ್ಯತ್ಯಾಸವಿರುವುದಿಲ್ಲ.

ಟಿಪ್ಪಣಿಕಾರ

ನನ್ನ ಹಸ್ತಪ್ರತಿಯಲ್ಲಿ "ಔಷಧವು ಕೆಟ್ಟ ಪ್ರೋಟೀನಿನ ಕೆಲಸವನ್ನು ಮಾಡುತ್ತದೆ" ಎಂದಿದ್ದ ವಾಕ್ಯವನ್ನು ಹೊಡೆದುಹಾಕಿ, "ಔಷಧವು ಸಿಸ್ಟಿನ್ ಅನ್ನು ಹೊರಹಾಕುತ್ತದೆ" ಎಂದಷ್ಟೇ ಬರೆದಿದ್ದೇನೆ. 2016 ಮತ್ತು 2023ರ ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ವಿರೋಧವನ್ನು ಹಾಗೆಯೇ ಬಿಡುತ್ತೇನೆ. ಅಮ್ಮ, ಈಗ ತಮ್ಮ ಪ್ರಶ್ನೆ ಕೇಳಿ.

ಒಬ್ಬ ತಾಯಿ

ಮಗನ ಮೂತ್ರದಲ್ಲಿ ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಎಂಬ ಸಣ್ಣ ಪ್ರೋಟೀನ್ ಒಮ್ಮೆ ಬಹಳ ಹೆಚ್ಚಿತ್ತು, ಮುಂದಿನ ಸಲ ಅದರ ಕಾಲುಭಾಗವೂ ಇರಲಿಲ್ಲ. ನಾಳಿಕೆ ಸುಧಾರಿಸಿದೆ ಎಂದು ನಾವೆಲ್ಲ ಹಿಗ್ಗಿದೆವು. ಮೂರನೆಯ ಸಲ ಮತ್ತೆ ಮೊದಲಿನಷ್ಟೇ ಬಂತು. ಇದೇಕೆ ಹೀಗೆ?

ಕೋಶಪ್ರಿಯ

ತಮ್ಮ ಮಗನ ವಿಷಯದಲ್ಲಿ ಆದದ್ದು ಇದೇ ಎಂದು ಇಲ್ಲಿಂದ ಹೇಳಲಾರೆ, ಆದರೆ ಆ ಪ್ರೋಟೀನಿಗೆ ಒಂದು ದುರ್ಗುಣವಿದೆ: ಮೂತ್ರ ಆಮ್ಲೀಯವಾಗಿದ್ದರೆ, ಅಂದರೆ ಪಿಎಚ್ 6ಕ್ಕಿಂತ ಕೆಳಗಿದ್ದರೆ, ಅದು ಪ್ರಯೋಗಾಲಯ ತಲುಪುವ ಮೊದಲೇ, ಮೂತ್ರಕೋಶದಲ್ಲಿರುವಾಗಲೇ ಕೂಡ, ಒಡೆದುಹೋಗತೊಡಗುತ್ತದೆ. ಆಗ ಅಳತೆ ಸುಳ್ಳಾಗಿ ಕಡಿಮೆ ಬರುತ್ತದೆ. ಎರಡನೆಯ ವರದಿಯಲ್ಲಿ ಮೂತ್ರದ ಪಿಎಚ್ ಎಷ್ಟೆಂದು ನಮೂದಾಗಿದೆಯೇ ನೋಡಿ. ರೆಟಿನಾಲ್ ಬಂಧಕ ಪ್ರೋಟೀನ್ ಮತ್ತು ಆಲ್ಫಾ-1 ಮೈಕ್ರೊಗ್ಲಾಬ್ಯುಲಿನ್ ಆಮ್ಲದಲ್ಲಿ ಅಷ್ಟು ಬೇಗ ಕೆಡುವುದಿಲ್ಲ. ಅವುಗಳಲ್ಲಿ ಒಂದನ್ನು ಜೊತೆಯಲ್ಲಿ ಅಳೆಸಬಹುದೇ ಎಂದು ತಮ್ಮ ವೈದ್ಯರನ್ನು ಕೇಳಿ.

ಒಬ್ಬ ತಾಯಿ

ಈಗಷ್ಟೇ ಕಡತ ತೆಗೆದು ನೋಡಿದೆ. ಎರಡನೆಯ ವರದಿಯಲ್ಲಿ ಪಿಎಚ್ 5.5 ಎಂದಿದೆ. ಉಳಿದೆರಡರಲ್ಲಿ 6.5 ಮತ್ತು 7.